ಅಜ್ಜಿ ಕಂಡದ್ದು ಹಾವೋ, ಹಸುವೋ?

ಪಾವಗಡದಿಂದ ಓದುಗರೊಬ್ಬರು, ಅಲ್ಲ, ಕೇಳುಗರೊಬ್ಬರು ಬರೆದಿದ್ದಾರೆ: "ನಿಮ್ಮ ಕಾದಂಬರಿಯ ಆಡಿಯೋ ಕೇಳಿದೆ ಸಾರ್. ಬೆಟ್ಟದ ಗವಿಯಿಂದ ಹಸು ಹೊರಗೆ ಬಂದರೆ ಅಜ್ಜಿ ಯಾಕೆ ಅಷ್ಟು ಹೆದರಬೇಕು?"

ನನ್ನ ಗವಿಯಲ್ಲಿ ಹಸು ಇಲ್ಲ. ಏಳು ಹೆಡೆಯ ಹಾವಿದೆ. ಮಧುಗಿರಿಯ ಏಕಶಿಲಾ ಬೆಟ್ಟವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಕಥೆ ಅದು, ಅಜ್ಜಿಯೂ ಆ ಕಡೆಯವಳೇ. ನಮ್ಮ ತುಮಕೂರು ಸೀಮೆಯ ಹಳ್ಳಿ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಹಾಲು ಆಲಾಗುತ್ತದೆ, ಹೊಲ 'ಒಲ' ಆಗುತ್ತದೆ. ಪುಸ್ತಕದಲ್ಲಿ 'ಹಾವು' ಎಂದೇ ಅಚ್ಚಾಗಿದೆ. ಆದರೆ ಧ್ವನಿ ಕೊಡುವವರಿಗೆ "ಅಜ್ಜಿ ಮಾತಿನಲ್ಲಿ ಹಕಾರ ಬಿಟ್ಟುಬಿಡಿ" ಎಂದು ಚೀಟಿ ಕಳಿಸಿದವನೂ ನಾನೇ. ಅವರು ಹೇಳಿದಂತೆ ಮಾಡಿದರು: "ಆವು ಬಂತು!" ಪಾವಗಡದ ಕಡೆ ತೆಲುಗಿನ ಬಳಕೆ ಹೆಚ್ಚು, ತೆಲುಗಿನಲ್ಲಿ ಆವು ಎಂದರೆ ಹಸು. ಹಳಗನ್ನಡದಲ್ಲೂ ಹಾಗೆಯೇ. ನಿರೂಪಕರನ್ನು ದೂರುವಂತಿಲ್ಲ.

'ಹೆಡೆ ಎತ್ತಿತು' ಎಂದು ಸೇರಿಸಿ ಸರಿಮಾಡೋಣವೆಂದರೆ ಅದು 'ಎಡೆ ಎತ್ತಿತು' ಆಗುತ್ತದೆ, ಹಬ್ಬದ ದಿನ ಹಿರಿಯರಿಗೆ ಇಟ್ಟ ಬಾಳೆಎಲೆ ಕಣ್ಣಮುಂದೆ ಬರುತ್ತದೆ. 'ಬುಸ್ ಅಂತು' ಎಂದರೆ? ಹಸುವೂ ಬುಸ್ ಅನ್ನುತ್ತದೆ.

ತಿಪಟೂರಿನ ವಿದ್ಯಾರ್ಥಿನಿಯೊಬ್ಬಳ ಪ್ರಶ್ನೆ ಇನ್ನೂ ಚುಚ್ಚಿತು: "ಸತ್ತಿದ್ದು ವೀರಸೇನನಾ, ಧೀರಸೇನನಾ? ಎರಡು ಸಲ ಕೇಳಿದರೂ ಗೊತ್ತಾಗಲಿಲ್ಲ." ಕಾಗದದ ಮೇಲೆ ಆ ಅಣ್ಣತಮ್ಮಂದಿರು ಬೇರೆ ಬೇರೆ. ಓಡುವ ಬಸ್ಸಿನಲ್ಲಿ, ಒಂದೇ ಕಿವಿಯ ಇಯರ್‌ಫೋನಿನಲ್ಲಿ, ಇಬ್ಬರೂ ಒಬ್ಬನೇ. ನಮ್ಮ ಬಯಲುಸೀಮೆಯ ಯಕ್ಷಗಾನ ಮೂಡಲಪಾಯದವರಿಗೆ ಇದು ಎಂದೋ ಗೊತ್ತಿತ್ತು. ವೇಷ ರಂಗಕ್ಕೆ ಬಂದ ಕೂಡಲೇ ಸಾರಥಿ ಅಡ್ಡ ನಿಂತು ವಿಚಾರಿಸಿ, ಪಾತ್ರದ ಬಾಯಿಂದಲೇ ಹೆಸರು ಹೇಳಿಸುತ್ತಾನೆ. ಹಿಂದೆ ಕೂತವನಿಗೂ ಅನುಮಾನ ಉಳಿಯಬಾರದು. ಈಗ ನಾನು ಪಾತ್ರಗಳ ಹೆಸರನ್ನೆಲ್ಲ ಗಟ್ಟಿಯಾಗಿ ಕೂಗಿ ನೋಡುತ್ತೇನೆ. ಪಕ್ಕದ ಮನೆಯವರು ಏನೆಂದುಕೊಂಡಿದ್ದಾರೋ ಕೇಳಿಲ್ಲ.

"ಅರಸಿಯ ಮಾತು ಒಮ್ಮೊಮ್ಮೆ ಗಟ್ಟಿಯಾಗಿ ಶುರುವಾಗಿ ಕೊನೆಗೆ ಪಿಸುಮಾತಾಗುತ್ತದಲ್ಲ?" ಎಂದು ಇನ್ನೊಬ್ಬರು. ಇದು ಕನ್ನಡದ ವಾಕ್ಯದ ಗುಣ. ನಮ್ಮ ಕ್ರಿಯಾಪದ ಕೊನೆಗೆ ಬರುತ್ತದೆ. "ಬಾಗಿಲು ತೆಗೀಬೇಡ, ಅವರು ಅಂಗಳದಲ್ಲೇ ಇದ್ದಾರೆ" ಎಂದು ಓದಿ ಮುಗಿಸಿದ ಮೇಲೆ 'ಪಿಸುಗುಟ್ಟಿದಳು' ಎಂಬ ಪದ ಎದುರಾಗುತ್ತದೆ. ಆಡಿದ್ದು ಹೆಣ್ಣು ಎಂದು ತಿಳಿಯುವುದೂ ಆ 'ಅಳು' ಪ್ರತ್ಯಯದಿಂದಲೇ. ಹಾಗಾಗಿ ಅನುಭವಿ ನಿರೂಪಕರು ಹಿಂದಿನ ದಿನವೇ ಪುಟಗಳನ್ನು ಓದಿ, ಪಾತ್ರಕ್ಕೊಂದು ಬಣ್ಣದಲ್ಲಿ ಗೆರೆ ಎಳೆದುಕೊಂಡಿರುತ್ತಾರೆ. ಬರೆಯುವವನು ಕೆಲಸ ಹಗುರ ಮಾಡಬಹುದು: "ಅರಸಿ ದನಿ ತಗ್ಗಿಸಿದಳು" ಎಂದು ಮೊದಲೇ ಹೇಳಿ ಆಮೇಲೆ ಮಾತು ಕೊಟ್ಟರಾಯಿತು. ಎಲ್ಲ ಕಡೆಯೂ ಹಾಗೆ ಮಾಡಿದರೆ ಗದ್ಯ ನಾಟಕದ ಪ್ರತಿಯಂತಾಗುತ್ತದೆ, ಅದೂ ಬೇಡ.

ಗವಿಯ ಯಕ್ಷನಿಗೆ ಗಂಡು ದನಿ ಯಾಕೆ ಎಂದವರಿಗೆ: ನಾನು 'ಅವನು' ಎಂದು ಬರೆದಿದ್ದೆ. 'ಅದು' ಎಂದಿದ್ದರೆ ನಿರೂಪಕರು ಬೇರೆ ಏನನ್ನೋ ಹುಡುಕುತ್ತಿದ್ದರು. ಬಹುಶಃ ಅದೇ ಚೆನ್ನಾಗಿರುತ್ತಿತ್ತು.

ನಿರೂಪಕರನ್ನು ಆರಿಸಿದ್ದು ಯಾರು? ಪ್ರಕಾಶಕರು ಮೂವರ ಮಾದರಿ ಕಳಿಸಿದ್ದರು, ಆರಿಸಿದ್ದು ನಾನು. ಯುದ್ಧದ ಪುಟ ಮೂವರೂ ಚೆನ್ನಾಗಿಯೇ ಓದಿದ್ದರು. ಅಜ್ಜಿ ರಾಗಿ ಬೀಸುತ್ತಾ ಮಾತಾಡುವ ಪುಟದಲ್ಲಿ ಒಬ್ಬರೇ ಉಸಿರು ಹಿಡಿದು ಬಿಟ್ಟರು.

ಇನ್ನು ಎಲ್ಲರೂ ಕೇಳುವುದು: ಆ ಅಜ್ಜಿ ನಿಜವಾಗಿ ಯಾರು? ಎಲೆಅಡಿಕೆ ಚೀಲ, ಸೊಂಟದ ಮೇಲಿನ ಕೈ, ಬೈಗುಳ ನಮ್ಮ ತಾಯಿಯ ತಾಯಿಯದು. ಉಳಿದದ್ದು ಕಟ್ಟಿದ್ದು. ಪಾವಗಡದ ಪತ್ರ ಓದಿದ ರಾತ್ರಿ ಆಕೆಯೇ ನೆನಪಾದಳು. ದೀಪ ಹಚ್ಚಿದ ಮೇಲೆ ಆಕೆ ಎಂದೂ ಹಾವಿನ ಹೆಸರು ಎತ್ತಿದವಳಲ್ಲ, 'ಹುಳ' ಅನ್ನುತ್ತಿದ್ದಳು. ನನ್ನ ಕಥೆಯಲ್ಲಿ ಅದು ನಡುರಾತ್ರಿ. ಅಂದರೆ ಅಚ್ಚಾದ ಪದವೇ ಸುಳ್ಳು, ಕಿವಿಗೆ ಬೀಳುವ ತನಕ ನನಗೆ ತಿಳಿಯಲಿಲ್ಲ.

ಒಂದೇ ಸಾಲು ಮತ್ತೆ ರೆಕಾರ್ಡ್ ಮಾಡಿಸಿದೆವು. ಅದೇ ಕೋಣೆ, ಅದೇ ಮೈಕು, ಅದೇ ಸಂಜೆಯ ಹೊತ್ತು, ಯಾಕೆಂದರೆ ಬೆಳಗಿನ ಗಂಟಲು ಸಂಜೆಯದಕ್ಕೆ ಕೂಡುವುದಿಲ್ಲ. ಈಗ ಅಜ್ಜಿ ಅನ್ನುತ್ತಾಳೆ: "ಉಳ ಬಂದೈತೆ ಕಣ್ಲಾ, ದೀಪ ತಕಂಬಾ."