ಧ್ರುವಪ್ರಭೆಗೆ ವಿದ್ಯುತ್ತು ಎಲ್ಲಿಂದ ಬರುತ್ತದೆ?

2024ರ ಮೇ 10ರಂದು ನಡುರಾತ್ರಿ ಕಳೆದ ಮೇಲೆ ಲಡಾಖ್‌ನ ಹಾನ್ಲೆಯಲ್ಲಿ ಧ್ರುವಪ್ರಭೆ (ಅರೋರಾ) ಮೂಡಿ ಬಾನಂಚು ಕೆಂಪಾಯಿತು. ಅಲ್ಲಿನ ವೀಕ್ಷಣಾಲಯವನ್ನು ನಡೆಸುವುದು ಬೆಂಗಳೂರಿನ ಕೋರಮಂಗಲದಲ್ಲಿರುವ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್. ಬೆಳಗಾಗುವಷ್ಟರಲ್ಲಿ ಚಿತ್ರಗಳು ಫೋನಿನಿಂದ ಫೋನಿಗೆ ಹರಿದವು. ಜೊತೆಗೇ ಒಂದು ಸಾಲಿನ ವಿವರಣೆಯೂ ಹರಿಯಿತು: ಸೂರ್ಯನಿಂದ ಬಂದ ಕಣಗಳು ಧ್ರುವಗಳ ಮೇಲಿನ ಗಾಳಿಗೆ ಬಡಿದು ಹೊಳೆಯುತ್ತವೆ.

ಈ ಮಾತು ಸುಳ್ಳಲ್ಲ. ಆದರೆ ಕತೆಯ ನಡುಭಾಗವನ್ನೇ ಅದು ಬಿಟ್ಟುಬಿಟ್ಟಿದೆ. ಕಣಗಳು ನೇರವಾಗಿ ಬಂದು ಬಡಿಯುವುದೇ ನಿಜವಾದರೆ ಸೂರ್ಯನಿಗೆ ಮುಖ ಮಾಡಿದ ಕಡೆ ಪ್ರಭೆ ಹೆಚ್ಚಿರಬೇಕಿತ್ತು. ಅದು ಅಬ್ಬರಿಸುವುದು ನಡುರಾತ್ರಿಯ ಹೊತ್ತಿಗೆ, ಭೂಮಿ ಸೂರ್ಯನಿಗೆ ಬೆನ್ನು ಹಾಕಿದ ಕಡೆ. ಈ ಒಂದು ತೊಡಕನ್ನು ಬಿಡಿಸಲು ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು.

ಮೊದಲ ಸುಳಿವು ಸಿಕ್ಕಿದ್ದು 1741ರಲ್ಲಿ. ಆಕಾಶದಲ್ಲಿ ಬೆಳಕು ಆಡುವಾಗ ದಿಕ್ಸೂಚಿಯ ಸೂಜಿಯೂ ಅಲುಗುತ್ತದೆ ಎಂದು ಸ್ವೀಡನ್ನಿನ ಉಪ್ಸಾಲದಲ್ಲಿ ಖಗೋಳವಿಜ್ಞಾನಿಗಳಾದ ಸೆಲ್ಸಿಯಸ್ ಮತ್ತು ಹಿಯೋರ್ಟರ್ ಕಂಡುಕೊಂಡರು. 1859ರ ಸೆಪ್ಟೆಂಬರ್ 1ರಂದು ಇಂಗ್ಲೆಂಡಿನ ಖಗೋಳವಿಜ್ಞಾನಿ ಕ್ಯಾರಿಂಗ್ಟನ್ ಸೂರ್ಯನ ಮೇಲೆ ಒಂದು ಹೊಳಪು ಚಿಮ್ಮಿದ್ದನ್ನು ಕಂಡರು. ಒಂದು ದಿನ ತುಂಬುವ ಮೊದಲೇ ಭೂಮಿಯ ಕಾಂತಕ್ಷೇತ್ರ ಅಲ್ಲೋಲಕಲ್ಲೋಲವಾಯಿತು. ಆಗ ಮುಂಬಯಿಯ ಕೊಲಾಬಾ ವೀಕ್ಷಣಾಲಯದಲ್ಲಿ ಸಿಬ್ಬಂದಿ ಉಪಕರಣವನ್ನು ಕಣ್ಣಲ್ಲೇ ನೋಡಿ ಅಂಕಿಗಳನ್ನು ಬರೆದಿಡುತ್ತಿದ್ದರು. ಕಾಂತಬಲ ಸುಮಾರು 1600 ನ್ಯಾನೋಟೆಸ್ಲಾದಷ್ಟು (ಕಾಂತಕ್ಷೇತ್ರವನ್ನು ಅಳೆಯುವ ಮಾನ) ಕುಸಿದದ್ದು ಅವರ ಪುಸ್ತಕದಲ್ಲಿ ಉಳಿಯಿತು. ಕಾಂತಕ್ಷೇತ್ರದ ಆ ಬಿರುಗಾಳಿಯ ಬಲವನ್ನು ಅಂದಾಜು ಮಾಡುವವರು ಇಂದಿಗೂ ಆ ಹಾಳೆಗಳನ್ನೇ ತೆರೆಯುತ್ತಾರೆ. ಹೆಸರೂ ಉಳಿಯದ ಆ ಬರಹಗಾರರ ಶ್ರದ್ಧೆಗೆ ನಾವು ಋಣಿಗಳು.

ಇಷ್ಟಾದರೂ ಸೂರ್ಯನಿಗೂ ಈ ಕಾಂತದ ಏರಿಳಿತಕ್ಕೂ ನಂಟಿದೆಯೆಂದು ಎಲ್ಲರೂ ಒಪ್ಪಲಿಲ್ಲ. ಅದು ಬರೀ ಕಾಕತಾಳೀಯ ಎಂಬ ಅಭಿಪ್ರಾಯ 1892ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಪೀಠದಿಂದಲೇ ಬಂತು.

ನಾರ್ವೆಯ ಭೌತವಿಜ್ಞಾನಿ ಕ್ರಿಸ್ಟಿಯನ್ ಬಿರ್ಕೆಲಾಂಡ್ ಪ್ರಭೆಯ ಗುಟ್ಟು ಹುಡುಕಿ ಹೊರಟದ್ದು ಇಂಥ ಕಾಲದಲ್ಲಿ. 1899ರ ಚಳಿಗಾಲದಲ್ಲಿ ಅವರ ತಂಡ ದೇಶದ ಉತ್ತರ ತುದಿಯ ಹಾಲ್ಡೆ ಬೆಟ್ಟದ ಮೇಲೆ ಕಲ್ಲಿನ ಗುಡಿಸಲುಗಳಲ್ಲಿ ಬಿಡಾರ ಹೂಡಿತು. ತಂಡದ ಒಬ್ಬ ಯುವಕ ಹಿಮಕುಸಿತಕ್ಕೆ ಸಿಕ್ಕಿ ಪ್ರಾಣ ಕಳೆದುಕೊಂಡ. ಬಿರ್ಕೆಲಾಂಡ್ ಹಿಂದೆಗೆಯಲಿಲ್ಲ. 1902-03ರಲ್ಲಿ ಐಸ್‌ಲ್ಯಾಂಡ್, ಸ್ಪಿಟ್ಸ್‌ಬರ್ಗನ್ ಸೇರಿದಂತೆ ನಾಲ್ಕು ಕಡೆ ಏಕಕಾಲಕ್ಕೆ ಸೂಜಿಗಳ ಓಲಾಟವನ್ನು ದಾಖಲಿಸಿದರು. ಈ ಯಾತ್ರೆಗಳ ಖರ್ಚು ಕಡಿಮೆಯಾದದ್ದಲ್ಲ. ಹಣ ಹೊಂದಿಸಲು ಅವರು ವಿದ್ಯುತ್ ಫಿರಂಗಿಯೊಂದನ್ನು ಕಟ್ಟಿದರು. ಜನರೆದುರಿನ ಪ್ರದರ್ಶನದಲ್ಲೇ ಅದು ಶಾರ್ಟ್ ಆಗಿ ಕಿಡಿ ಕಾರಿತು. ಅದೇ ಬಗೆಯ ಕಿಡಿಯಿಂದ ಗಾಳಿಯ ಸಾರಜನಕವನ್ನು ಹಿಡಿದು ಗೊಬ್ಬರ ಮಾಡುವ ವಿಧಾನ ಮುಂದೆ ಹುಟ್ಟಿತು. ಧ್ರುವಪ್ರಭೆಯ ಹುಚ್ಚು ಹೊಲಗಳಿಗೂ ಫಲ ಕೊಟ್ಟಿತು.

ಪ್ರಯೋಗಾಲಯದಲ್ಲಿ ಅವರು ಗಾಜಿನ ಪೆಟ್ಟಿಗೆಯೊಳಗಿನ ಗಾಳಿ ತೆಗೆದು, ನಡುವೆ ಅಯಸ್ಕಾಂತ ಅಡಗಿಸಿದ ಗುಂಡೊಂದನ್ನಿಟ್ಟು ಅದರ ಕಡೆಗೆ ಎಲೆಕ್ಟ್ರಾನ್ ಹೊಳೆಯನ್ನು ಬಿಟ್ಟರು. ಆ ಪುಟ್ಟ ಭೂಮಿಯ ಎರಡೂ ಧ್ರುವಗಳ ಸುತ್ತ ಉಂಗುರದಂತೆ ಬೆಳಕು ಮೂಡಿತು. 1908ರಿಂದ ಪ್ರಕಟವಾದ ವರದಿಯಲ್ಲಿ ಅವರು ಧೈರ್ಯದ ಮಾತೊಂದನ್ನು ಆಡಿದರು: ಕಾಂತರೇಖೆಗಳನ್ನೇ (ಕಾಂತಬಲದ ದಿಕ್ಕು ತೋರುವ ಗೆರೆಗಳು) ತಂತಿ ಮಾಡಿಕೊಂಡು ಅಂತರಿಕ್ಷದಿಂದ ವಿದ್ಯುತ್ ಪ್ರವಾಹ ಇಳಿಯುತ್ತದೆ, ವಾತಾವರಣದಲ್ಲಿ ಅಡ್ಡಲಾಗಿ ಹರಿಯುತ್ತದೆ, ಮತ್ತೆ ಮೇಲೇರುತ್ತದೆ. ಅವರ ಅಂದಾಜು ಹತ್ತು ಲಕ್ಷ ಆಂಪಿಯರ್‌ವರೆಗೆ ಹೋಗಿತ್ತು.

ವಿದ್ವತ್ ಲೋಕ ಇದನ್ನು ಬದಿಗಿಟ್ಟಿತು. ಅಂತರಿಕ್ಷ ಖಾಲಿ, ಪ್ರವಾಹವೆಲ್ಲ ವಾತಾವರಣದ ಮೇಲ್ಪದರದಲ್ಲೇ ಸುತ್ತುತ್ತದೆ ಎಂಬ ಇನ್ನೊಂದು ಸಿದ್ಧಾಂತದ ಗಣಿತ ಬಹಳ ಅಚ್ಚುಕಟ್ಟಾಗಿತ್ತು. ಕಷ್ಟವೆಂದರೆ, ನೆಲದ ಮೇಲಿನ ಸೂಜಿಗಳಿಂದಷ್ಟೇ ಈ ಎರಡರಲ್ಲಿ ಯಾವುದು ಸರಿ ಎಂದು ಹೇಳಲು ಸಾಧ್ಯವೇ ಇರಲಿಲ್ಲ. ಇಳಿಯುವ, ಏರುವ ಪ್ರವಾಹಗಳ ಪರಿಣಾಮ ನೆಲದಲ್ಲಿ ಬಹುಮಟ್ಟಿಗೆ ಅಳಿಸಿಹೋಗುತ್ತದೆ. ಬಿರ್ಕೆಲಾಂಡ್ ಎಡವಿದ ಕಡೆಯೂ ಉಂಟು. ಸೂರ್ಯನಿಂದ ಎಲೆಕ್ಟ್ರಾನ್‌ಗಳೇ ನೇರವಾಗಿ ಬರುತ್ತವೆ ಎಂದು ಮೊದಲು ನಂಬಿದ್ದರು. ಒಂದೇ ಜಾತಿಯ ವಿದ್ಯುದಾವೇಶದ ಕಣಗಳಷ್ಟೇ ಆದರೆ ಒಂದನ್ನೊಂದು ತಳ್ಳಿ ದಾರಿಯಲ್ಲೇ ಚದುರಿಹೋಗುತ್ತವೆ. ಆದರೂ ಬೆಟ್ಟದ ಮೇಲೆ ಕೂತು ಅಳೆದು ತಂದ ಅಂಕಿಗಳಿಗೆ ಅರ್ಧ ಶತಮಾನ ಸಿಗದ ಮನ್ನಣೆ ಮೇಜಿನ ಮೇಲಿನ ಸಮೀಕರಣಕ್ಕೆ ಸಿಕ್ಕಿತಲ್ಲ ಎಂಬ ನೋವು ಈ ಇತಿಹಾಸ ಓದುವಾಗ ಕಾಡುತ್ತದೆ. ಬಿರ್ಕೆಲಾಂಡ್ 1917ರಲ್ಲಿ ಟೋಕಿಯೋದಲ್ಲಿ ತೀರಿಕೊಂಡರು.

ಉತ್ತರ ಬಂದದ್ದು ಉಪಗ್ರಹದಿಂದ. 1963ರಲ್ಲಿ ಹಾರಿದ ಅಮೆರಿಕದ ನೌಕಾಪಡೆಯ ಉಪಗ್ರಹವೊಂದು ಪ್ರಭೆಯ ವಲಯವನ್ನು ದಾಟುವಾಗಲೆಲ್ಲ ಅದರ ಕಾಂತಮಾಪಕ ಅಡ್ಡಡ್ಡ ತುಯ್ದಾಡುತ್ತಿತ್ತು. 1966ರಲ್ಲಿ ಇದನ್ನು ಪ್ರಕಟಿಸಿದವರೇ ಮೊದಲು ಅದನ್ನು ಅಲೆಗಳೆಂದು ಬಗೆದರು. ಮರುವರ್ಷ ಬೇರೆ ಇಬ್ಬರು ವಿಜ್ಞಾನಿಗಳು ಇವು ಬಿರ್ಕೆಲಾಂಡ್ ಹೇಳಿದ ಪ್ರವಾಹಗಳೇ ಎಂದು ತೋರಿಸಿದರು. ಈಗ ಅವುಗಳ ಹೆಸರೇ ಬಿರ್ಕೆಲಾಂಡ್ ಪ್ರವಾಹ.

ಅಷ್ಟರಲ್ಲಿ ಉಳಿದ ಕೊಂಡಿಗಳೂ ಸಿಕ್ಕಿದ್ದವು. ಸೂರ್ಯನಿಂದ ಸದಾ ಮಾರುತವೊಂದು ಬೀಸುತ್ತದೆ ಎಂದು 1958ರಲ್ಲಿ ಅಮೆರಿಕದ ಭೌತವಿಜ್ಞಾನಿ ಯೂಜೀನ್ ಪಾರ್ಕರ್ ಬರೆದ ಲೇಖನವನ್ನು ಇಬ್ಬರು ಪರಿಶೀಲಕರು ತಿರಸ್ಕರಿಸಿದರು. ಸಂಪಾದಕರಾಗಿದ್ದ ಸುಬ್ರಹ್ಮಣ್ಯನ್ ಚಂದ್ರಶೇಖರ್ ಲೆಕ್ಕದಲ್ಲಿ ತಪ್ಪು ಕಾಣದೆ ಅಚ್ಚು ಹಾಕಿಸಿದರು. ಸೆಕೆಂಡಿಗೆ ಸುಮಾರು 400 ಕಿ.ಮೀ. ವೇಗದ ಆ ಮಾರುತ ಭೂಮಿಯ ಕಾಂತಕ್ಷೇತ್ರವನ್ನು ಹಿಂದಕ್ಕೆ ಉದ್ದನೆಯ ಬಾಲದಂತೆ ಎಳೆಯುತ್ತದೆ. ಮಾರುತದೊಡನೆ ಬರುವ ಕಾಂತರೇಖೆಗಳು ದಕ್ಷಿಣಕ್ಕೆ ತಿರುಗಿದ್ದಾಗ ಭೂಮಿಯ ರೇಖೆಗಳೊಂದಿಗೆ ಬೆಸೆದುಕೊಂಡು, ಬಾಲದಲ್ಲಿ ಶಕ್ತಿ ತುಂಬುತ್ತಾ ಹೋಗುತ್ತದೆ ಎಂದು 1961ರಲ್ಲಿ ಬ್ರಿಟನ್ನಿನ ಭೌತವಿಜ್ಞಾನಿ ಜೇಮ್ಸ್ ಡಂಗಿ ಸೂಚಿಸಿದರು. ಎಳೆದ ರಬ್ಬರು ಬಿಟ್ಟಂತೆ ಆ ರೇಖೆಗಳು ತುಂಡಾಗಿ ಮತ್ತೆ ಕೂಡಿದಾಗ ಕಣಗಳು ಭೂಮಿಯತ್ತ, ಅಂದರೆ ರಾತ್ರಿಯ ಕಡೆಗೆ, ಚಿಮ್ಮುತ್ತವೆ. ನಡುರಾತ್ರಿಯ ಅಬ್ಬರದ ಗುಟ್ಟು ಇದು. ಎಲೆಕ್ಟ್ರಾನ್‌ಗಳಿಗೆ ಕೊನೆಯ ನೂಕು ಸಿಗುವುದು ನಮ್ಮಿಂದ ಕೆಲವೇ ಸಾವಿರ ಕಿ.ಮೀ. ಎತ್ತರದಲ್ಲಿ. ಕಾಂತರೇಖೆಗಳ ಮೇಲೆ ಓಡುವ ಆಲ್ಫ್‌ವೆನ್ ಅಲೆಗಳು ಹೀಗೆ ನೂಕಬಲ್ಲವು ಎಂದು ಪ್ರಯೋಗದಲ್ಲಿ ತೋರಿಸಿದ್ದು ತೀರ ಈಚೆಗೆ, 2021ರಲ್ಲಿ, ಲಾಸ್ ಏಂಜಲೀಸ್‌ನ 20 ಮೀಟರ್ ಉದ್ದದ ಪ್ಲಾಸ್ಮಾ (ವಿದ್ಯುದಾವೇಶ ಹೊತ್ತ ಕಣಗಳ ಅನಿಲ) ಕೊಳವೆಯೊಳಗೆ.

ಬಣ್ಣದ ವಿಷಯ ಇಷ್ಟು ಗೋಜಲಲ್ಲ. ಪೆಟ್ಟು ತಿಂದ ಆಮ್ಲಜನಕದ ಪರಮಾಣು ಸೆಕೆಂಡಿನೊಳಗೆ ಹಸಿರು ಬೆಳಕು ಬಿಡುತ್ತದೆ. ಅದು 100ರಿಂದ 150 ಕಿ.ಮೀ. ಎತ್ತರದ ಮಾತು. ಕೆಂಪು ಬೆಳಕು ಬಿಡಲು ಅದೇ ಪರಮಾಣುವಿಗೆ ಸುಮಾರು ಎರಡು ನಿಮಿಷ ಬೇಕು. ಕೆಳಗಿನ ಗಾಳಿಯಲ್ಲಿ ಅಷ್ಟರೊಳಗೆ ಇನ್ನೊಂದು ಕಣ ತಾಗಿ ಶಕ್ತಿ ಸೋರಿಹೋಗುತ್ತದೆ. 200 ಕಿ.ಮೀ. ಮೇಲೆ ಗಾಳಿ ತೀರ ತೆಳು, ಅಲ್ಲಿ ಕೆಂಪಿಗೆ ಪುರಸೊತ್ತಿದೆ. ಹಾನ್ಲೆಯಷ್ಟು ದಕ್ಷಿಣದಿಂದ ನೋಡಿದರೆ ಕೆಳಗಿನ ಹಸಿರು ಭೂಮಿಯ ಗುಂಡುಬಾಗಿನ ಹಿಂದೆ ಮುಳುಗಿರುತ್ತದೆ, ಮೇಲಿನ ಕೆಂಪಷ್ಟೇ ಇಣುಕುತ್ತದೆ. ದೊಡ್ಡ ಬಿರುಗಾಳಿಗಳಲ್ಲಿ ಇನ್ನೊಂದು ಬಗೆಯ ಕೆಂಪು ಕಮಾನೂ ಮೂಡುವುದುಂಟು. ಅದಕ್ಕೆ ವೇಗದ ಕಣಗಳ ಮಳೆ ಬೇಕಿಲ್ಲ. ಭೂಮಿಯನ್ನು ಬಳಸಿ ಸುತ್ತುವ ವಿದ್ಯುತ್ ವರ್ತುಲದ ಕಾವು ಕಾಂತರೇಖೆಗಳಗುಂಟ ಜಿನುಗಿ ಬಂದು, ಅಲ್ಲೇ ಇರುವ ಎಲೆಕ್ಟ್ರಾನ್‌ಗಳನ್ನು ಕಾಯಿಸಿ, ಅದೇ ಆಮ್ಲಜನಕವನ್ನು ನಿಧಾನವಾಗಿ ಬೆಳಗಿಸುತ್ತದೆ.