ಗೊತ್ತಿದ್ದೂ ಹಬ್ಬಿಸಿದ ಸುಳ್ಳಿಗೂ ವಾಕ್ ಸ್ವಾತಂತ್ರ್ಯವೇ?

ಬೀದಿಯಲ್ಲಿ ಮಕ್ಕಳು ಆಡುತ್ತಿರುತ್ತಾರೆ. ಬೈಕಿನಲ್ಲಿ ಬಂದ ಇಬ್ಬರು ಒಂದು ಮಗುವನ್ನು ಎತ್ತಿಕೊಂಡು ಪರಾರಿಯಾಗುತ್ತಾರೆ. ವಿಡಿಯೊ ಅಲ್ಲಿಗೆ ಮುಗಿಯುತ್ತದೆ. 2018ರ ಬೇಸಿಗೆಯಲ್ಲಿ ನಮ್ಮ ಮನೆಯ ಮೂರೂ ಫೋನುಗಳಿಗೆ ಇದು ಬಂದಿತ್ತು. ಮಕ್ಕಳ ಕಳ್ಳರು ನಮ್ಮ ಕಡೆಗೂ ಬಂದಿದ್ದಾರೆ, ಎಲ್ಲ ಗ್ರೂಪಿಗೂ ಕಳಿಸಿ ಎಂಬ ಒಕ್ಕಣೆ ಬೇರೆ.

ಅಸಲಿ ವಿಡಿಯೊ ಪಾಕಿಸ್ತಾನದ ಕರಾಚಿಯದು. ಅದರಲ್ಲಿ ಬೈಕು ವಾಪಸ್ ಬರುತ್ತದೆ, ಮಗುವನ್ನು ಇಳಿಸುತ್ತಾರೆ, ಮಗು ಕದಿಯಲು ಕ್ಷಣ ಸಾಕು ಎಂದು ಎಚ್ಚರಿಸುವ ಫಲಕ ತೋರಿಸುತ್ತಾರೆ. ಪೋಷಕರ ಜಾಗೃತಿಗೆಂದು ಮಾಡಿದ ಚಿತ್ರ ಅದು. ನಮಗೆ ಬಂದ ತುಣುಕಿನಲ್ಲಿ ಆ ಕೊನೆಯ ಭಾಗವೇ ಇರಲಿಲ್ಲ. ಯಾರೋ ಕೂತು ಕತ್ತರಿಸಿದ್ದರು.

ಆ ವರ್ಷ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ದುಡಿಯಲು ಬಂದಿದ್ದ ಯುವಕನನ್ನು ಮಕ್ಕಳ ಕಳ್ಳನೆಂದು ಗುಂಪು ಹೊಡೆದು ಕೊಂದಿತು. ಜುಲೈ 13ರಂದು ಬೀದರ್ ಜಿಲ್ಲೆಯಲ್ಲಿ, ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಹೈದರಾಬಾದಿನ ಸ್ನೇಹಿತರ ಗುಂಪೊಂದರ ಮೇಲೆ ಊರವರಿಗೆ ಅನುಮಾನ ಬಂತು. ಅವರು ಕಾರು ಹತ್ತಿ ಹೊರಟರು. ಕಾರಿಗಿಂತ ಮೊದಲು ವಾಟ್ಸಾಪ್ ಸಂದೇಶ ಮುರ್ಕಿ ಗ್ರಾಮಕ್ಕೆ ತಲುಪಿತ್ತು. ಊರವರು ರಸ್ತೆಗೆ ಅಡ್ಡ ನಿಂತಿದ್ದರು. ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಸತ್ತರು. ಬಂಧಿತರಲ್ಲಿ ಗ್ರೂಪ್ ಅಡ್ಮಿನ್ ಒಬ್ಬರೂ ಇದ್ದರು.

ಇಂಥ ಸಾವುಗಳಾದಾಗಲೆಲ್ಲ ಸುಳ್ಳು ಸುದ್ದಿಗೆ ಕಾನೂನು ಬೇಕೆಂಬ ಕೂಗು ಏಳುತ್ತದೆ, ಅದರ ಬೆನ್ನಿಗೇ ವಾಕ್ ಸ್ವಾತಂತ್ರ್ಯ ಹೋಯಿತೆಂಬ ಇನ್ನೊಂದು ಕೂಗು. ಎರಡೂ ಕಡೆಯವರು ಸಂವಿಧಾನವನ್ನೇ ತೋರಿಸುತ್ತಾರೆ. ಹಾಗಾಗಿ ಮೊದಲು ಅಲ್ಲಿ ಏನಿದೆ ನೋಡೋಣ.

19(1)(ಎ) ವಿಧಿ ವಾಕ್ ಮತ್ತು ಅಭಿವ್ಯಕ್ತಿ ಸ್ವಾತಂತ್ರ್ಯ ಕೊಡುತ್ತದೆ. ಅದಕ್ಕೆ ಯಾವ ಕಾರಣಕ್ಕೆ ನಿರ್ಬಂಧ ಹೇರಬಹುದು ಎಂಬುದು 19(2)ರಲ್ಲಿದೆ: ದೇಶದ ಸಾರ್ವಭೌಮತೆ ಮತ್ತು ಅಖಂಡತೆ, ಭದ್ರತೆ, ವಿದೇಶಗಳ ಜತೆಗಿನ ಸ್ನೇಹ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ ಅಥವಾ ನೈತಿಕತೆ, ನ್ಯಾಯಾಂಗ ನಿಂದನೆ, ಮಾನಹಾನಿ, ಅಪರಾಧಕ್ಕೆ ಪ್ರಚೋದನೆ. ಎಷ್ಟು ಸಲ ಓದಿದರೂ ‘ಸುಳ್ಳು’ ಎಂಬ ಪದ ಸಿಗುವುದಿಲ್ಲ. ಈ ಪಟ್ಟಿಗೆ ಹೊಸ ಕಾರಣ ಸೇರಿಸಿಕೊಳ್ಳುವಂತಿಲ್ಲ ಎಂದು 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೂ ಹೇಳಿತು. ಅಂದರೆ ಸುಳ್ಳು ಎಂಬ ಒಂದೇ ಕಾರಣಕ್ಕೆ ಮಾತನ್ನು ಶಿಕ್ಷಿಸಲಾಗದು. ಆ ಸುಳ್ಳು ಒಬ್ಬರ ಮಾನಕ್ಕೋ, ಊರಿನ ನೆಮ್ಮದಿಗೋ, ಇನ್ನೊಬ್ಬರ ಜೀವಕ್ಕೋ ಕೈಹಾಕಿರಬೇಕು.

ಬ್ರಿಟಿಷರ ಕಾಲದಿಂದ 2000ದವರೆಗಿನ ಕತೆಯನ್ನು ಒಂದೇ ಮಾತಿನಲ್ಲಿ ಹೇಳಬಹುದು: ವದಂತಿಗೆ ದಂಡ ಸಂಹಿತೆಯ 505ನೇ ಸೆಕ್ಷನ್, ಮಾನಹಾನಿಗೆ 499, ಉಳಿದದ್ದು ಪೊಲೀಸರ ವಿವೇಚನೆಗೆ. ಆದರೆ 505ರಲ್ಲಿ ಒಂದು ಒಳ್ಳೆಯ ಅಂಶವಿತ್ತು. ಹೇಳಿದ್ದು ನಿಜವೆಂದು ನಂಬಲು ಸಕಾರಣವಿದ್ದು, ಸದುದ್ದೇಶದಿಂದ ಹೇಳಿದವರಿಗೆ ಅದು ತಟ್ಟುತ್ತಿರಲಿಲ್ಲ. 1962ರ ಕೇದಾರನಾಥ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದರಿಂದ ಆ ಸೆಕ್ಷನ್ ಉಳಿದುಕೊಂಡಿತು. ದಂಡ ಸಂಹಿತೆಯ ಜಾಗಕ್ಕೆ ಬಂದಿರುವ ಇಂದಿನ ಭಾರತೀಯ ನ್ಯಾಯ ಸಂಹಿತೆಯ 353ರಲ್ಲಿ ‘ಸುಳ್ಳು ಮಾಹಿತಿ’ ಎಂಬ ಪದ ಹೊಸದಾಗಿ ಸೇರಿದೆ. ಹಳೆಯ ವಿನಾಯಿತಿಯೂ ಹಾಗೇ ಇದೆ.

ಈ ವಿನಾಯಿತಿ ಎಷ್ಟು ಮುಖ್ಯ ಎಂದು ನನಗೆ ಅರ್ಥವಾದದ್ದು 2012ರ ಆಗಸ್ಟಿನಲ್ಲಿ. ಜುಲೈನಲ್ಲಿ ಅಸ್ಸಾಮಿನ ಕೊಕ್ರಝಾರ್ ಸುತ್ತ ಗಲಭೆಯಾಗಿತ್ತು. ಅದಕ್ಕೆ ಪ್ರತೀಕಾರವಾಗಿ ರಂಜಾನ್ ಮುಗಿದ ಮೇಲೆ ಬೆಂಗಳೂರಿನಲ್ಲಿರುವ ಈಶಾನ್ಯದವರ ಮೇಲೆ ದಾಳಿಯಾಗುತ್ತದೆ ಎಂಬ ಎಸ್ಸೆಮ್ಮೆಸ್‌ಗಳು ಹರಿದಾಡಿದವು. ಸ್ವಾತಂತ್ರ್ಯ ದಿನದ ರಾತ್ರಿ ಸಿಟಿ ರೈಲು ನಿಲ್ದಾಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಸೆಕ್ಯುರಿಟಿ ಗಾರ್ಡ್‌ಗಳು, ಹೋಟೆಲ್ ಹುಡುಗರು, ನರ್ಸಿಂಗ್ ವಿದ್ಯಾರ್ಥಿನಿಯರು ಗುವಾಹಟಿಗೆ ಟಿಕೆಟ್ ಕೊಂಡು ಕೂತಿದ್ದರು. ಸಾವಿರಾರು ಜನ. ರೈಲ್ವೆ ವಿಶೇಷ ರೈಲು ಬಿಡಬೇಕಾಯಿತು.

ನಮ್ಮ ಬೀದಿಯ ಸಲೂನಿನ ಹುಡುಗನೂ ಅವತ್ತೇ ಹೊರಟ. ಅಂಗಡಿ ಮಾಲೀಕರು ಬಾಗಿಲಲ್ಲೇ ನಿಂತು, ‘ಏನೂ ಆಗಲ್ಲ ಕಣೋ, ನಾವೆಲ್ಲ ಇದ್ದೀವಿ’ ಎನ್ನುತ್ತಿದ್ದರು. ಹುಡುಗ ಫೋನು ತೋರಿಸಿದ. ಯಾರು ಕಳಿಸಿದ್ದು ಅಂತ ಕೇಳಿದೆ. ‘ತಮ್ಮ, ಸಾರ್.’ ತಮ್ಮನಿಗೆ? ರೂಮಿನ ಜತೆಗಾರ. ಅವನಿಗೆ? ಊರಿನವನೊಬ್ಬ. ಸಂಬಳ ಪೂರ್ತಿ ತೆಗೆದುಕೊಳ್ಳದೆಯೇ ಬ್ಯಾಗು ಹೆಗಲಿಗೇರಿಸಿದ. ಆ ಸರಪಣಿಯಲ್ಲಿ ನನಗೆ ಕಂಡ ಒಬ್ಬರೂ ಸುಳ್ಳು ಹೇಳಿರಲಿಲ್ಲ. ಪ್ರತಿಯೊಬ್ಬರೂ ಹೆದರಿ, ತಮ್ಮವರು ಬದುಕಲಿ ಎಂದು ಕಳಿಸಿದ್ದರು. ಸುಳ್ಳೆಂದು ಗೊತ್ತಿದ್ದೇ ಬರೆದವನು ಅದರ ಇನ್ನೊಂದು ತುದಿಯಲ್ಲಿದ್ದ.

ಆಗಸ್ಟ್ 17ರಂದು ಕೇಂದ್ರ ಸರ್ಕಾರ ದೇಶದಾದ್ಯಂತ ದಿನಕ್ಕೆ ಐದೇ ಎಸ್ಸೆಮ್ಮೆಸ್ ಎಂಬ ಮಿತಿ ಹೇರಿತು, ಕೆಲ ದಿನದಲ್ಲಿ ಅದನ್ನು 20ಕ್ಕೆ ಏರಿಸಿತು. ‘ಸುಖವಾಗಿದ್ದೇನೆ’ ಎಂದು ಮನೆಗೆ ತಿಳಿಸಬೇಕಾದವರಿಗೂ ಅದೇ ಮಿತಿ.

ಅದೇ ವರ್ಷ ನವೆಂಬರಿನಲ್ಲಿ ಕತೆ ತಿರುವು ಪಡೆಯಿತು. ಮುಂಬೈ ಬಂದ್ ಬಗ್ಗೆ ಫೇಸ್‌ಬುಕ್‌ನಲ್ಲಿ ಬರೆದ ಹುಡುಗಿಯನ್ನೂ ಅದಕ್ಕೆ ಲೈಕ್ ಒತ್ತಿದ ಗೆಳತಿಯನ್ನೂ ಪಾಲ್ಘರ್‌ನಲ್ಲಿ ಬಂಧಿಸಲಾಯಿತು. ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 66ಎ ಸೆಕ್ಷನ್ ಇದರಿಂದ ಕುಖ್ಯಾತವಾಯಿತು. ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ಅದನ್ನು ಪೂರ್ತಿ ರದ್ದುಮಾಡಿತು. ರದ್ದಾಗಬೇಕಾದದ್ದೇ. ‘ಕಿರಿಕಿರಿ’, ‘ಅನಾನುಕೂಲ’ ಎಂಬ ಪದಗಳನ್ನು ಹಿಡಿದು ಮೂರು ವರ್ಷ ಜೈಲಿಗೆ ಕಳಿಸುವುದು ಯಾವ ನ್ಯಾಯ? ಆದರೆ ಹೆಚ್ಚಿನವರು ಗಮನಿಸದ ಒಂದು ಸಂಗತಿಯಿದೆ. 66ಎಯ ‘ಬಿ’ ಭಾಗ ಸುಳ್ಳೆಂದು ತಿಳಿದೂ ಕಳಿಸುವವರ ಬಗ್ಗೆಯೇ ಇತ್ತು. ಅದರಲ್ಲೂ ಅಪಾಯ, ದ್ವೇಷದ ಪಕ್ಕದಲ್ಲೇ ಕಿರಿಕಿರಿ, ಅನಾನುಕೂಲಗಳನ್ನು ಕೂರಿಸಿದ್ದರು. ಕಾಳು, ಜೊಳ್ಳು ಎರಡೂ ಒಟ್ಟಿಗೇ ಹೋದವು. ಬರೆಯುವಾಗಲೇ ಕೇರಿ ಬೇರ್ಪಡಿಸಿದ್ದರೆ ಆ ಭಾಗವಾದರೂ ಉಳಿಯುತ್ತಿತ್ತೇನೋ.

ಮುಂದಿನ ಪ್ರಯತ್ನಗಳಲ್ಲಿ ಬೇರೆ ತೊಡಕು. 2023ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ, ತನ್ನ ವ್ಯವಹಾರದ ಕುರಿತು ಯಾವುದು ಸುಳ್ಳು ಎಂದು ತಾನೇ ನೇಮಿಸಿದ ಸತ್ಯಶೋಧನಾ ಘಟಕ ಗುರುತಿಸಬಹುದೆಂಬ ನಿಯಮ ತಂದಿತು. ಬಾಂಬೆ ಹೈಕೋರ್ಟಿನಲ್ಲಿ ಇಬ್ಬರು ನ್ಯಾಯಮೂರ್ತಿಗಳ ಅಭಿಪ್ರಾಯ ಬೇರೆಯಾಯಿತು. 2024ರ ಸೆಪ್ಟೆಂಬರಿನಲ್ಲಿ ಮೂರನೆಯವರ ಅಭಿಪ್ರಾಯದೊಂದಿಗೆ ನಿಯಮ ಬಿದ್ದುಹೋಯಿತು. 2025ರ ಜೂನ್‌ನಲ್ಲಿ ಕರ್ನಾಟಕದ ಕರಡು ಮಸೂದೆ ಹೊರಬಂತು: ಸುಳ್ಳು ಸುದ್ದಿಗೆ ಏಳು ವರ್ಷದವರೆಗೆ ಜೈಲು, ₹10 ಲಕ್ಷದವರೆಗೆ ದಂಡ, ಮೇಲ್ವಿಚಾರಣೆಗೆ ಸಚಿವರ ಅಧ್ಯಕ್ಷತೆಯ ಪ್ರಾಧಿಕಾರ. ದೆಹಲಿಯಲ್ಲಿ ಒಂದು ಪಕ್ಷ, ಬೆಂಗಳೂರಿನಲ್ಲಿ ಇನ್ನೊಂದು. ತೀರ್ಪು ಕೊಡುವ ಕುರ್ಚಿ ಮಾತ್ರ ಎರಡೂ ಕಡೆ ಸರ್ಕಾರದ ಕೈಯಲ್ಲೇ. ಸರ್ಕಾರದ ವಿರುದ್ಧ ಬರೆದದ್ದು ನಿಜವೋ ಸುಳ್ಳೋ ಎಂಬ ವ್ಯಾಜ್ಯದಲ್ಲಿ ಸರ್ಕಾರವೇ ಪಂಚಾಯ್ತಿ ಕಟ್ಟೆಯ ಮೇಲೆ ಕೂತರೆ ದೂರು ಒಯ್ಯುವವನು ಯಾರ ಮುಂದೆ ನಿಲ್ಲಬೇಕು?

ಹಾಗೆಂದು ಚಾಮರಾಜಪೇಟೆಯ ಆ ಯುವಕನ ಮನೆಯವರಿಗೆ, ವಿಡಿಯೊ ಕತ್ತರಿಸುವುದೂ ಒಬ್ಬರ ಅಭಿವ್ಯಕ್ತಿ ಎಂದು ಹೇಳಲು ನನ್ನಿಂದಾಗದು. ಅದು ಅಭಿಪ್ರಾಯವಲ್ಲ, ತಪ್ಪು ತಿಳಿವಳಿಕೆಯೂ ಅಲ್ಲ. ಪೂರ್ತಿ ವಿಡಿಯೊ ನೋಡದೆ ಅದರ ಕೊನೆಯನ್ನು ಕತ್ತರಿಸಲಾಗದು. ‘ಗೊತ್ತಿತ್ತು’ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕೇ?

ಆದರೆ ಆ ಸಾಕ್ಷಿ ಉಪಯೋಗಕ್ಕೆ ಬರಬೇಕಾದರೆ ಕತ್ತರಿ ಹಿಡಿದವನು ಸಿಗಬೇಕು. ಸಂದೇಶವನ್ನು ಮೊದಲು ಕಳಿಸಿದವರ ಗುರುತು ಕೊಡಬೇಕೆಂದು 2021ರ ಐಟಿ ನಿಯಮ ಹೇಳಿದಾಗ, ಹಾಗೆ ಮಾಡಿದರೆ ಎಲ್ಲರ ಖಾಸಗಿ ಮಾತಿನ ಬೀಗವನ್ನೂ ಮುರಿದಂತೆ ಎಂದು ವಾಟ್ಸಾಪ್ ದೆಹಲಿ ಹೈಕೋರ್ಟಿಗೆ ಹೋಯಿತು. 2012ರಲ್ಲಿ ಊರಿಗೆ ಹೊರಟಿದ್ದ ಸಲೂನಿನ ಹುಡುಗ ಆ ವರ್ಷದ ದಸರೆಯ ಹೊತ್ತಿಗೆ ವಾಪಸ್ ಬಂದ. ಆ ಎಸ್ಸೆಮ್ಮೆಸ್ ಊರಿನವನಿಗೆ ಎಲ್ಲಿಂದ ಬಂದಿತ್ತು ಎಂದು ವಿಚಾರಿಸಿದೆಯಾ ಅಂತ ಕೇಳಿದೆ. ವಿಚಾರಿಸಿದ್ದನಂತೆ. ಅವನ ಪರಿಚಯದ ಇನ್ನೊಬ್ಬರಿಂದ.