ಜೀವಾವಧಿ: ಯಾವ ಅವಧಿ?

"ಕೊಲೆ ಆರೋಪಿಗೆ 14 ವರ್ಷ ಜೀವಾವಧಿ ಶಿಕ್ಷೆ" ಅಂತ ಮತ್ತೊಂದು ಹೆಡ್ಡಿಂಗ್ ಕಣ್ಣಿಗೆ ಬಿತ್ತು. ಶಿಕ್ಷೆ ಆದ್ಮೇಲೂ ಆರೋಪಿ ಅಂತಾನೇ ಬರೆಯೋದು ಬೇರೆ ಜಗಳ, ಇವತ್ತು ಬೇಡ. ಅದನ್ನ ಫ್ಯಾಮಿಲಿ ಗ್ರೂಪಿಗೆ ಹಾಕಿದ್ದ ನಮ್ಮ ಮಾವ ಫೋನ್ ಮಾಡಿ, "ಬರೀ ಜೀವಾವಧಿನಾ? ಜೈಲಲ್ಲಿ ಹಗಲು ಒಂದು ದಿನ, ರಾತ್ರಿ ಒಂದು ದಿನ ಕಣೋ, ಏಳೇ ವರ್ಷಕ್ಕೆ ಆಚೆ ಬರ್ತಾನೆ ನೋಡ್ತಿರು" ಅಂದ್ರು. ಅಂಥ ಲೆಕ್ಕ ಯಾವ ಕಾನೂನಲ್ಲೂ ಇಲ್ಲ ಮಾವ ಅಂದ್ರೆ ಕೇಳೋ ಜನ ಅಲ್ಲ.

ಈ ಗೊಂದಲಕ್ಕೆ ಅರ್ಧ ಕಾರಣ 'ಅವಧಿ' ಅನ್ನೋ ಪದಾನೇ. ಕನ್ನಡದಲ್ಲಿ ನಾವು ಅದನ್ನ ಇಷ್ಟು ಅಂತ ಅಳತೆ ಇರೋ ಕಾಲಕ್ಕೇ ಬಳಸಿ ಬಳಸಿ ರೂಢಿ, ಸ್ಕೂಲಲ್ಲಿ ಗಣಿತದ ಅವಧಿ, ಸರ್ಕಾರದ ಐದು ವರ್ಷದ ಅವಧಿ, ಸಾಲ ತೀರಿಸೋ ಅವಧಿ, ಹಂಗಾಗಿ ಜೀವಾವಧಿ ಅಂದ ತಕ್ಷಣ "ಎಷ್ಟು ವರ್ಷ?" ಅಂತ ಬಾಯಿಗೆ ಬರುತ್ತೆ. ಆದ್ರೆ ಸಂಸ್ಕೃತದಲ್ಲಿ ಅವಧಿ ಅಂದ್ರೆ ಮೊದಲು ಎಲ್ಲೆ, ಗಡಿ. ಎಲ್ಲೆನೇ ಇಲ್ಲದ್ದು ನಿರವಧಿ, ಆ ಪದದಲ್ಲಿ ಹಳೇ ಅರ್ಥ ಇನ್ನೂ ಉಳಿದಿದೆ. ಜೀವ + ಅವಧಿ, ಸವರ್ಣದೀರ್ಘ ಸಂಧಿ, ಅಂದ್ರೆ ಜೀವ ಎಲ್ಲಿ ಮುಗಿಯುತ್ತೋ ಅದೇ ಎಲ್ಲೆ. ಅದರ ಹಿಂದೆ ಹೋಗಿ "14 ವರ್ಷ" ಅಂಟಿಸಿದ್ರೆ ಒಂದೇ ಹೊಲಕ್ಕೆ ಎರಡು ಬೇಲಿ ಹಾಕ್ದಂಗೆ.

ಕೋರ್ಟೂ ಇದನ್ನೇ ಹೇಳಿದೆ. ಗಾಂಧಿ ಹತ್ಯೆ ಕೇಸಲ್ಲಿ ಜೀವಾವಧಿ ಗಡೀಪಾರು ಆಗಿದ್ದ (1956ಕ್ಕೂ ಮುಂಚೆ ಶಿಕ್ಷೆಯ ಹೆಸರು ಅದೇ, ಜನರ ಬಾಯಲ್ಲಿ ಕರಿನೀರು) ಗೋಪಾಲ್ ಗೋಡ್ಸೆ, ಶಿಕ್ಷೆಯಲ್ಲಿ ಮಾಫಿ ಸಿಕ್ಕ ದಿನಗಳನ್ನೂ ಸೇರಿಸಿದ್ರೆ ನಂದು 20 ವರ್ಷ ದಾಟಿದೆ ಬಿಡಿ ಅಂತ ಸುಪ್ರೀಂ ಕೋರ್ಟಿಗೆ ಹೋಗಿದ್ರು. ಸರ್ಕಾರ ಮಾಫಿ ಮಾಡದಿದ್ರೆ ಉಳಿದ ಆಯಸ್ಸು ಪೂರ್ತಿ ಒಳಗೇ ಅಂತ 1961ರಲ್ಲಿ ತೀರ್ಪಾಯ್ತು.

ಹಾಗಾದ್ರೆ 20 ಎಲ್ಲಿಂದ ಬಂತು? ಜೀವಾವಧಿ ಇರೋ ಅಪರಾಧಕ್ಕೆ ಬರೀ ಪ್ರಯತ್ನ ಮಾಡಿದವನಿಗೆ ಅದರ ಅರ್ಧದವರೆಗೆ ಶಿಕ್ಷೆ ಕೊಡಬಹುದು ಅನ್ನುತ್ತೆ ಕಾನೂನು. ಆಯಸ್ಸಲ್ಲಿ ಅರ್ಧ ಅಂದ್ರೆ ಎಷ್ಟು ಅಂತ ಯಾರು ಹೇಳ್ಬೇಕು? ಅದಕ್ಕೆ, ಭಾಗ ಮಾಡೋ ಲೆಕ್ಕಕ್ಕೆ ಮಾತ್ರ, 20 ವರ್ಷ ಅಂತ ಹಿಡ್ಕೊಂಡ್ರು. ಐಪಿಸಿಯಲ್ಲಿ ಅದು 57ನೇ ಸೆಕ್ಷನ್, ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ 6.

ಇನ್ನು 14, ಎಲ್ಲರ ತಲೆ ಕೆಡಿಸಿರೋದು. 1978ರಲ್ಲಿ ಆಗಿನ ಸಿಆರ್‌ಪಿಸಿಗೆ (ಕ್ರಿಮಿನಲ್ ಕೇಸು ಹೇಗೆ ನಡೆಸ್ಬೇಕು ಅನ್ನೋ ಕಾನೂನು) 433ಎ ಅನ್ನೋ ಸೆಕ್ಷನ್ ಸೇರಿಸಿದ್ರು. ಗಲ್ಲೂ ಕೊಡಬಹುದಾದ ಅಪರಾಧಕ್ಕೆ ಜೀವಾವಧಿ ಆದವನನ್ನ, ಅಥವಾ ಗಲ್ಲು ಇಳಿಸಿ ಜೀವಾವಧಿ ಮಾಡಿದವನನ್ನ, ನಿಜವಾಗಿ 14 ವರ್ಷ ಜೈಲಲ್ಲಿ ಕಳೆಯೋವರೆಗೂ ಬಿಡಬಾರದು ಅಂತ. ಅದು ಕನಿಷ್ಠ. ಅದಾದ್ಮೇಲೆ ಸನ್ನಡತೆ ನೋಡಿ ಬಿಡೋದು ಬಿಡದೇ ಇರೋದು ಸರ್ಕಾರದ ತೀರ್ಮಾನ, ಕೈದಿಯ ಹಕ್ಕಲ್ಲ. ನಾವು ಮಾತ್ರ ಆ ಕನಿಷ್ಠಾನೇ ಗರಿಷ್ಠ ಮಾಡ್ಕೊಂಡು "ಗಲ್ಲು ಯಾಕಾಗ್ಲಿಲ್ಲ" ಅಂತ ಕೂಗಾಡ್ತೀವಿ.

ತಮಾಷೆ ಅಂದ್ರೆ ಜೀವಾವಧಿಯ ತೂಕ ಎಷ್ಟು ಅನ್ನೋ ಈ ಗೊಂದಲ ಕೋರ್ಟಿಗೂ ತಟ್ಟಿತು. ಬೆಂಗಳೂರಿನ ಸ್ವಾಮಿ ಶ್ರದ್ಧಾನಂದ ಕೇಸಲ್ಲಿ (ಹೆಂಡತಿನ ಕೊಂದು ಮನೆ ಅಂಗಳದಲ್ಲೇ ಹೂತಿದ್ದು) ಗಲ್ಲು ಜಾಸ್ತಿ ಆಗುತ್ತೆ, ಆದ್ರೆ ಜೀವಾವಧಿ ಅಂದ್ರೆ ವ್ಯವಹಾರದಲ್ಲಿ 14 ವರ್ಷಕ್ಕೇ ಇಳಿದುಬಿಡುತ್ತೆ, ಅದು ತೀರಾ ಕಮ್ಮಿ ಅಂತ 2008ರಲ್ಲಿ ಸುಪ್ರೀಂ ಕೋರ್ಟ್ ಬದುಕಿರೋವರೆಗೂ ಬಿಡುಗಡೆ ಇಲ್ಲ ಅಂತ ಬಿಡಿಸಿ ಬರೀಬೇಕಾಯ್ತು. ಇದ್ದ ಪದದ ಅರ್ಥಾನೇ ಇನ್ನೊಂದ್ಸಲ ಬರೆದಂಗೆ.

"ಡಬಲ್ ಜೀವಾವಧಿ"ನೂ ಇಷ್ಟೇ, ಎರಡು ಕೊಲೆಗೆ ಎರಡು ಜೀವಾವಧಿ ಆದ್ರೂ ಒಂದಾದ್ಮೇಲೆ ಒಂದು ಅಂತ ನಡೆಸೋಕಾಗಲ್ಲ, ಒಟ್ಟಿಗೇ ನಡೀಬೇಕು ಅಂತ 2016ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ಇದನ್ನ ಮಾವನಿಗೆ ಹೇಳ್ದೆ. "ಹಂಗಾದ್ರೆ ಎರಡನೇದು ಫ್ರೀನಾ?" ಅಂದ್ರು.